ಸದ್ದು ಮಾಡುವ ರೊಟ್ಟಿ, ಆರ್ಮೇನಿಯಾದ ಕುರ್ಚಿ

ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯುವುದು ಮನುಷ್ಯಮಾತ್ರರಿಂದ ಸಾಧ್ಯವಿಲ್ಲ. ಸಂಶಯವಿದ್ದವರು ಸವಣೂರಿನ ನಮ್ಮ ಮನೆಗೆ ಬಂದು ಪರೀಕ್ಷಿಸಿಕೊಳ್ಳಬಹುದು. ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಬಿಳಿ ಅರಿವೆ ಹೊದ್ದುಕೊಂಡು ಜೋಳದ ರೊಟ್ಟಿಗಳ ಥಪ್ಪಿಯೊಂದು ವರ್ಷದ ಎಲ್ಲ ಋತುಗಳಲ್ಲೂ ವಿರಾಜಮಾನವಾಗಿರುತ್ತದೆ. ಎರಡೂ ಅಂಗೈ ನಡುವೆ ಇಟ್ಟು ಒತ್ತಿ ನೋಡಿದ್ದೇನೆ. ಅರಿವೆಯಲ್ಲಿ ಸುತ್ತಿ ಮುರಿದು ನೋಡಿದ್ದೇನೆ. ಪಲ್ಯದೊಳಗೆ ಮುಳುಗಿಸಿ, ಅದು ಮೆತ್ತಗಾಗುವ ತನಕ ತಪಸ್ವಿಯಂತೆ ಕಾದು, ಅಷ್ಟರಲ್ಲಿ ಪಲ್ಯವೇ ಆರಿ ಹೋಗಿ ಹೆಂಡತಿಯಿಂದ ಬೈಸಿಕೊಂಡೂ ಇದ್ದೇನೆ. ಏನು ಮಾಡಿದರೂ ಅದು ಕಟಕ್ಕೆಂದೇ ತೀರುತ್ತದೆ. ಶಿಗ್ಗಾಂವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು, ಮೊಹರು, ಶಾಸನ, ನಾಣ್ಯಗಳನ್ನೆಲ್ಲ ಬದಿಗಿಟ್ಟು ಈ ವಿಷಯದಲ್ಲಿ ಇಷ್ಟು ಗಂಭೀರ ಸಂಶೋಧನೆ ನಡೆಸಲು ಕಾರಣವಿದೆ. ಕಳೆದ ವರ್ಷ ಕೆಲವು ತಿಂಗಳ ಕಾಲ ನಮ್ಮ ಮನೆಯಲ್ಲಿ ರೊಟ್ಟಿ ಮುರಿಯುವ ಸದ್ದು ನಿಷಿದ್ಧವಾಗಿತ್ತು.

ನಿಷೇಧಾಜ್ಞೆ ಹೊರಡಿಸಿದವಳು ಅವ್ವ. ಕಾರಣ, ನನ್ನ ತಮ್ಮ ಬಸವರಾಜ. ಮೀಸೆ ಮೂಡುವ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಿದವನು, ಗುಡ್ಡ, ಹಿಮ, ಗಡಿ ಎಂದು ಎರಡು ದಶಕಕ್ಕೂ ಮಿಕ್ಕಿ ತಿರುಗಾಡಿ, ಕಾಲಿಗೊಂದು ಗಾಯದ ಗುರುತು ಮಾಡಿಕೊಂಡು, ಜೊತೆಗಾರನೊಬ್ಬನನ್ನು ಅಲ್ಲೇ ಕಳಕೊಂಡು, ನಿವೃತ್ತನಾಗಿ ಮನೆಗೆ ಬಂದ. ಅಲ್ಲೇನಾಯಿತೆಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಬಂದ ವಾರದಲ್ಲೇ ಓಣಿಯಲ್ಲಿ ಯಾರದೋ ಮದುವೆಯ ಪಟಾಕಿ ಹಾರಿದಾಗ ಅವನು ತಟ್ಟನೆ ಎದ್ದು ನಿಂತದ್ದನ್ನು ಅವ್ವ ನೋಡಿದಳು. ಅಷ್ಟೇ ಸಾಕಾಯಿತು. "ಅವನ ಮುಂದ ಯಾರೂ ಸಪ್ಪಳಾ ಮಾಡಬ್ಯಾಡ್ರಿ, ರೊಟ್ಟಿ ಸೈತ ಕಟಕ್ ಅನ್ನಬಾರದು" ಎಂದು ಅಪ್ಪಣೆಯಾಯಿತು. ಅಂದಿನಿಂದ ರೊಟ್ಟಿಗೆ ನೀರು ಚಿಮುಕಿಸಿ, ಅರಿವೆಯಲ್ಲಿ ಸುತ್ತಿ, ಅದರ ಸ್ವಭಾವವನ್ನೇ ಕೆಡಿಸಿ ತಿನ್ನುವ ಪದ್ಧತಿ ಶುರುವಾಯಿತು. ಕುಟ್ಟುವ ಕಲ್ಲು ಹಿತ್ತಲಿಗೆ ಹೋಯಿತು. ಬಾಗಿಲುಗಳ ತಿರುಗಣಿಗೆ ಎಣ್ಣೆ ಬಿತ್ತು. ಟೀವಿಯಲ್ಲಿ ಎಲ್ಲಿಯದೋ ಯುದ್ಧದ ಸುದ್ದಿ ಬಂದರೆ, ರಿಮೋಟ್ ಯಾರ ಕೈಯಲ್ಲಿದ್ದರೂ ಅವರು ಕಳ್ಳರ ಹಾಗೆ ಚಾನೆಲ್ ಬದಲಿಸುತ್ತಿದ್ದರು. ಸೊಸೆಯಂದಿರು ಜಗಳವನ್ನೂ ಪಿಸುಮಾತಿನಲ್ಲಿ ಆಡುವುದನ್ನು ಕಲಿತರು. ಅದರಲ್ಲಿ ನನಗೆ ವೈಯಕ್ತಿಕವಾಗಿ ಲಾಭವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಸ್ವತಃ ಬಸವರಾಜನಿಗೆ ಈ ನೀರು ಚಿಮುಕಿಸಿದ ರೊಟ್ಟಿಯೂ ಇಲ್ಲ. ಅವನಿಗೆ ಬಿಸಿ ರೊಟ್ಟಿ. ಇದಕ್ಕೊಂದು ಹಿನ್ನೆಲೆಯಿದೆ, ಸ್ವಲ್ಪ ತಾಳಿಕೊಳ್ಳಿ. ನಮ್ಮ ಮನೆಯಲ್ಲಿ ಮೊದಲಿನಿಂದ ಮನೆಮಂದಿಗೆ ಥಪ್ಪಿಯ ರೊಟ್ಟಿ, ಬೀಗರಿಗೆ ಹಂಚಿನ ಮೇಲಿನಿಂದ ಇಳಿಸಿದ ಉಬ್ಬಿದ ರೊಟ್ಟಿ. ತಮ್ಮ ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಿದ್ದನಲ್ಲ, ಆಗ ಅವನಿಗೂ ಬೀಗರ ಉಪಚಾರ ಸಲ್ಲುತ್ತಿತ್ತು. ನಾವೆಲ್ಲ ಚಾಪೆಯ ಮೇಲೆ ಕುಳಿತರೆ ಅವನಿಗೆ ಕುರ್ಚಿ; ನಮಗೆಲ್ಲ ಪಲ್ಯವಾದರೆ ಅವನಿಗೆ ಎಣ್ಣೆಗಾಯಿ. ರಜೆ ಮುಗಿದು ಅವನು ಬಸ್ಸು ಹತ್ತಿದ ಮೇಲೆ ಕುರ್ಚಿ ಅಟ್ಟದ ಮೇಲೆ ಹೋಗುತ್ತಿತ್ತು. ಈಗ ಅವನು ಕಾಯಂ ಆಗಿ ಬಂದಿದ್ದಾನೆಂಬುದು ನಮಗೆಲ್ಲ ಗೊತ್ತಿತ್ತು, ಆದರೆ ಬಿಸಿ ರೊಟ್ಟಿಗೆ ಮಾತ್ರ ಯಾರೂ ತಿಳಿಸಿ ಹೇಳಲಿಲ್ಲ. ಉಪಚಾರ ಮುಂದುವರಿಯಿತು. ಹುಬ್ಬಳ್ಳಿಗೆ ಹೋಗಿ ದಪ್ಪನೆಯ ಗಾದಿಯ ಹೊಸ ಕುರ್ಚಿಯೊಂದನ್ನು ತಂದವನು ನಾನೇ. ಅದರಲ್ಲಿ ಕೂತವನನ್ನು ಹಿಂದಿನಿಂದ ನೋಡಿದರೆ ಫೋಟೋ ತೆಗೆಸಿಕೊಳ್ಳಲು ಬಂದವನ ಹಾಗೆ ಕಾಣುತ್ತಿತ್ತು, ಆದರೂ ನಾನು ನನ್ನ ಭ್ರಾತೃವಾತ್ಸಲ್ಯವನ್ನು ನಾನೇ ಮೆಚ್ಚಿಕೊಂಡಿದ್ದೆ.

ಅವನು ಕುಡುಗೋಲು ಹಿಡಿದು ಎಲೆಬಳ್ಳಿ ತೋಟಕ್ಕೆ ಹೊರಟರೆ ಅವ್ವ ಅಡ್ಡ ಬರುತ್ತಿದ್ದಳು: "ಕುಂದ್ರಪಾ, ದಣದ ಬಂದಿ." ಬಂದು ತಿಂಗಳುಗಳಾಗಿದ್ದವು, ಆ ದಣಿವು ಮಾತ್ರ ಅವ್ವನ ಬಾಯಲ್ಲಿ ಇನ್ನೂ ಆರಿರಲಿಲ್ಲ. ನೀರಿನ ಮೋಟರಿಗೆ ಕೈ ಹಚ್ಚಿದರೆ ನಾನು ಓಡಿ ಬಂದು ಕಸಿದುಕೊಂಡು, ಮೋಟರನ್ನು ಪೂರ್ತಿ ಕೆಡಿಸಿ, ಆಮೇಲೆ ಮಿಸ್ತ್ರಿಯನ್ನು ಕರೆಸುತ್ತಿದ್ದೆ. ಒಂದು ಭಾನುವಾರವಂತೂ, ಚಿಕ್ಕಂದಿನಲ್ಲಿ ಚಡ್ಡಿಯ ಮೇಲೆ ಸೈಕಲ್ ತುಳಿದು ಬಂಕಾಪುರದ ಕೋಟೆಯೆಲ್ಲ ಸುತ್ತಾಡಿದವನನ್ನು ಬಾಡಿಗೆ ಕಾರಿನಲ್ಲಿ ಕೂಡಿಸಿಕೊಂಡು ಹೋಗಿ, "ಅಲ್ಲಿ ನೋಡು, ನವಲು" ಎಂದು ಬಂಕಾಪುರದ ನವಿಲುಗಳನ್ನು ತೋರಿಸಿಕೊಂಡು ಬಂದೆವು. ಅವನು ಸೌಜನ್ಯದಿಂದ ನೋಡಿದ.

ಹೀಗಿರುತ್ತ ಒಂದು ದಿನ ಊಟದ ಹೊತ್ತಿನಲ್ಲಿ, ಪುಣೆಯ ಕಾರ್ಖಾನೆಯೊಂದರಲ್ಲಿ ಕಾವಲಿನ ಕೆಲಸವಿದೆಯೆಂದು ಹಳೆಯ ದೋಸ್ತನೊಬ್ಬ ಕರೆದಿದ್ದಾನೆ, ಅಮಾವಾಸ್ಯೆ ಕಳೆದ ಮೇಲೆ ಹೋಗುತ್ತೇನೆ ಎಂದ. ಹಣದ ಅಡಚಣೆಯೇನೂ ಇರಲಿಲ್ಲ, ಪಿಂಚಣಿ ಬರುತ್ತಿತ್ತು, ತೋಟವಿತ್ತು. "ಮತ್ಯಾಕ?" ಎಂದು ಕೇಳುವ ಅಧಿಕಾರ ಎಲ್ಲರಿಗೂ ಇದ್ದು ಧೈರ್ಯ ಒಬ್ಬರಿಗೂ ಇರಲಿಲ್ಲ. ಅವನ ಹೆಂಡತಿ ಗಿರಿಜಾ ಎದ್ದು ಒಳಗೆ ಹೋದಳು. ಮದುವೆಯಾದಾಗಿನಿಂದ ಅವಳು ಅವನ ಟ್ರಂಕು ತುಂಬುತ್ತ ಬಂದವಳು. ಈ ಸಲ ಟ್ರಂಕನ್ನು ಅಟ್ಟಕ್ಕೆ ಏರಿಸಿ, ಅದರಲ್ಲಿ ಹಳೆಯ ಹಾಸಿಗೆ ಅರಿವೆ ತುಂಬಿ ಬೀಗ ಹಾಕಿಬಿಟ್ಟಿದ್ದಳು. ಅದನ್ನೀಗ ಮತ್ತೆ ಇಳಿಸಬೇಕಲ್ಲ ಎಂದು ನನ್ನ ಹೆಂಡತಿಯ ಮುಂದೆ ಒಲೆಯ ಬದಿಗೆ ಕೂತು ಅತ್ತಳಂತೆ. ಅವನು ಹೋಗಬಾರದು ಎಂಬುದು ಮನೆಯ ಪ್ರತಿಯೊಬ್ಬರ ಆಸೆ. ಅದನ್ನು ಅವನೊಬ್ಬನಿಗೆ ಹೇಳದೆ ಉಳಿದವರೆಲ್ಲ ಒಬ್ಬರಿಗೊಬ್ಬರು ಪಿಸುಗುಟ್ಟಿಕೊಂಡೆವು.

ಇಂಥ ಹೊತ್ತಿನಲ್ಲಿ ನಮ್ಮ ಮನೆಗೆ ಆರ್ಮೇನಿಯಾ ಬಂತು. ತಂದವಳು ಬಸವರಾಜನ ಮಗಳು ದೀಪಾ. ನನ್ನ ಕಾಲೇಜಿನಲ್ಲೇ ಓದುತ್ತ, ಬಸ್ಸಿನಲ್ಲಿ ನನ್ನ ಗುರುತೇ ಇಲ್ಲದವಳಂತೆ ಹಿಂದಿನ ಸೀಟಿನಲ್ಲಿ ಕೂರುವ ಈ ಹುಡುಗಿ, ಹಾನಗಲ್ಲಿನ ಗೆಳತಿಯಿಂದ ಪೆನ್ ಡ್ರೈವಿನಲ್ಲಿ ಒಂದು ಸಿನಿಮಾ ಇಸಿದುಕೊಂಡು ಬಂದು, "ಯುದ್ಧ ಮುಗದ ಮ್ಯಾಲೆ ಒಂದ ಮನಿ ಕಥಿ ದೊಡ್ಡಪ್ಪಾ, ನಗಸ್ತಾರಂತ, ಅಳಸ್ತಾರಂತ. ಇಂಗ್ಲಿಷ್ ಅಕ್ಷರ ಕೆಳಗ ಬರ್ತಾವ, ನೀವು ಓದಿ ಹೇಳ್ರಿ" ಎಂದಳು. ಯುದ್ಧ ಎಂಬ ಶಬ್ದ ಕೇಳಿ ನಾವೆಲ್ಲ ಕುರ್ಚಿಯ ಕಡೆಗೆ ನೋಡಿದೆವು. ಕುರ್ಚಿ "ನೋಡೂಣು" ಎಂದಿತು.

ನನಗೆ ಆರ್ಮೇನಿಯಾ ಎಂದರೆ ನಕಾಶೆಯಲ್ಲಿ ಪರೀಕ್ಷಕರು ಗುರುತಿಸಲು ಕೇಳದಿರಲಿ ಎಂದು ವಿದ್ಯಾರ್ಥಿಯಾಗಿದ್ದಾಗ ಹರಕೆ ಹೊತ್ತ ದೇಶಗಳಲ್ಲೊಂದು. ಆದರೂ ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಚಾದರ ಕಟ್ಟಿ ಸಭೆ ಸೇರಿದಾಗ, ಕನ್ನಡಕ ಒರೆಸಿಕೊಂಡು ಆಸ್ಥಾನ ವಿದ್ವಾಂಸನಂತೆ ಟೀವಿಯ ಬಲಕ್ಕೆ ಸ್ಥಾಪಿತನಾದೆ. ಚಾಪೆಯ ಮೇಲೆ ಅವ್ವ, ಸೊಸೆಯಂದಿರು, ದೀಪಾ. ಬಾಗಿಲ ಬಳಿ ನೆರೆಮನೆಯ ಮಾಬುಸಾಬರು. ಎಲ್ಲರ ಹಿಂದೆ ಗಾದಿಯ ಕುರ್ಚಿಯಲ್ಲಿ ಬಸವರಾಜ. ಮಾಬುಸಾಬರ ಮನೆತನವೇ ಖಾರಾ ಕರಿಯುವ ಮನೆತನ, ಸವಣೂರಿನ ಖಾರಾ ತಿನ್ನದವನಿಗೆ ಸವಣೂರನ್ನು ವರ್ಣಿಸುವುದು ವ್ಯರ್ಥ. ಆದರೆ ಖಾರಾ ಕೂಡ ಕುರುಕುರು ಎನ್ನುವ ಜಾತಿಯದೇ. ನಮ್ಮ ಮನೆಯ ಕಾನೂನು ಬಲ್ಲ ಅವರು ಪೊಟ್ಟಣವನ್ನು ಸದ್ದಿಲ್ಲದಂತೆ ಬಿಚ್ಚಿ, ಒಂದೊಂದೇ ಎಳೆಯನ್ನು ನಾಲಿಗೆಯ ಮೇಲಿಟ್ಟು ಕರಗಿಸುತ್ತ ಕೂತರು.

ಕಥೆ ಸರಳ. ಗುಡ್ಡದ ಮೇಲೊಂದು ಹಳ್ಳಿ, ಯುದ್ಧದಲ್ಲಿ ಅರ್ಧ ಸುಟ್ಟು ಹೋಗಿದೆ. ಮನೆಯ ಗಂಡಸು ಯುದ್ಧದಿಂದ ತಿರುಗಿ ಬರುತ್ತಾನೆ. ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಸಂಭ್ರಮದಿಂದ ಅವನನ್ನು ಕುರ್ಚಿಯ ಮೇಲೆ ಕೂಡಿಸುತ್ತಾರೆ. ಅವನು ಬಂದ ಸುದ್ದಿ ತಿಳಿದು ಊರಿನವರು ಒಬ್ಬೊಬ್ಬರಾಗಿ ನೋಡಲು ಬರುತ್ತಾರೆ. ಸುಟ್ಟ ಮನೆಯಲ್ಲಿ ಕೂರಲು ಏನೂ ಇರಲಿಕ್ಕಿಲ್ಲವೆಂದು ಬರುವಾಗ ಪ್ರತಿಯೊಬ್ಬರೂ ಒಂದೊಂದು ಕುರ್ಚಿ ಹೊತ್ತು ತರುತ್ತಾರೆ, ಹೋಗುವಾಗ ಕಾಣಿಕೆಯೆಂದು ಬಿಟ್ಟು ಹೋಗುತ್ತಾರೆ. ಮನೆ ತುಂಬ ಕುರ್ಚಿ. ನಡೆಯಲು ಜಾಗವಿಲ್ಲ. ಮಾಳಿಗೆ ಸೋರುತ್ತದೆ, ಸರಿಮಾಡಲು ಆತ ನಿಚ್ಚಣಿಕೆ ಹತ್ತಿದರೆ ಸಾಕು, ಯಾರಾದರೂ ಓಡಿ ಬಂದು ಕಾಲು ಹಿಡಿದು ಇಳಿಸಿ ಕುರ್ಚಿಗೆ ಕೂಡಿಸುತ್ತಾರೆ. ಕುರ್ಚಿಯ ಮೇಲೇ ಸೋರತೊಡಗಿದಾಗ ಅವನ ತಲೆಯ ಮೇಲೆ ಛತ್ರಿ ಹಿಡಿದು ಸರದಿಯಂತೆ ನಿಲ್ಲುತ್ತಾರೆ. ಮಾಬುಸಾಬರು ಖಾರಾ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತ ಹಿಂತಿರುಗಿ ನೋಡಿದಾಗ ನಾನೇ ತಂದ ಕುರ್ಚಿ ಕಾಣಿಸಿ, ನಗು ಅರ್ಧಕ್ಕೇ ನಿಂತಿತು.

ಒಂದು ದೃಶ್ಯದಲ್ಲಿ ಆ ಹೆಂಗಸರು ನೆಲದೊಳಗೆ ತೋಡಿದ ಕೆಂಡದ ಒಲೆಗೆ ಬಾಗಿ ಅಗಲವಾದ ತೆಳು ರೊಟ್ಟಿ ಸುಡುತ್ತಾರೆ, ಒಣಗಿಸಿ ಒಂದರ ಮೇಲೊಂದು ಪೇರಿಸುತ್ತಾರೆ, ತಿನ್ನುವ ಮುಂದೆ ನೀರು ಚಿಮುಕಿಸಿ ಅರಿವೆಯಲ್ಲಿ ಸುತ್ತುತ್ತಾರೆ. ಅವ್ವ ಚಾಪೆಯ ಮೇಲಿಂದ ಅರ್ಧ ಎದ್ದು, "ಅಯ್ಯ ನಮ್ಮವ್ವಾ, ಇವರೂ ನಮ್ಮಂಥಾ ಮಂದೀನ!" ಎಂದಳು. ಕಾಕಸಸ್ ಪರ್ವತಗಳು ಅಲ್ಲಿಂದ ಎದ್ದು ಬಂದು ಸವಣೂರಿನ ಎಲೆತೋಟದ ಬೇಲಿಗೆ ಒರಗಿ ನಿಂತವು. ಅವ್ವನಿಗೆ ಆ ಕ್ಷಣದಿಂದ ಸಿನಿಮಾದ ಆ ಮುದುಕಿ ತಾಯಿ ಬೀಗತಿಯಾದಳು.

ಅನಾಹುತ ಆದದ್ದು ಇಲ್ಲೇ. ಆ ಮನುಷ್ಯ ಛತ್ರಿಯನ್ನು ಕಿತ್ತೆಸೆದು, ಮಳೆಯಲ್ಲಿ ಅಂಗಳಕ್ಕೆ ನಡೆದು, ಮನೆಮಂದಿಯ ಕಡೆಗೆ ತಿರುಗಿ ಬಾಯಿ ತೆರೆದ. ತೆರೆದದ್ದೇ ತಡ, ಕೆಳಗಿನ ಇಂಗ್ಲಿಷ್ ಅಕ್ಷರಗಳು ಮಾಯವಾದವು. ನಕಲು ಮಾಡುವಾಗ ಏನೋ ತಪ್ಪಿತ್ತು. ಆತ ಆರ್ಮೇನಿಯಾದ ಭಾಷೆಯಲ್ಲಿ ಏನೋ ಹೇಳುತ್ತಿದ್ದಾನೆ, ಇಡೀ ಸಭೆ ನನ್ನ ಮುಖ ನೋಡುತ್ತಿದೆ. ವಿದ್ವಾಂಸನಾದವನು ತಿಳಿಯದು ಎನ್ನುವುದು ಹೇಗೆ? ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: "ಪ್ರಿಯ ಬಾಂಧವರೇ, ಸಮರವೆಂಬ ಮಹಾಕುಂಡದಲ್ಲಿ ಬೆಂದು ಬಂದಿರುವ ಈ ದೇಹಕ್ಕೆ ನಿಮ್ಮ ವಾತ್ಸಲ್ಯದ ಶೀತಲ ಛಾಯೆಯೇ ಪರಮೌಷಧ…"

"ಸರ," ಎಂದರು ಮಾಬುಸಾಬರು ವಿನಯದಿಂದ, "ಅಂವಾ ಒಂದ ಮಾತ ಅಂದಾ. ನೀವು ಭಾಳ ಅಂದ್ರಿ."

ದೀಪಾ ಬಾಯಿಗೆ ಓಡ್ನಿ ಒತ್ತಿಕೊಂಡಳು. ನಾನು ಮುಂದಿನ ಸಮಾಸವನ್ನು ಹುಡುಕುತ್ತಿರುವಾಗಲೇ ಹಿಂದಿನಿಂದ ಒಂದು ದನಿ ಬಂತು.

"ಅಂವ ಹಂಗ ಅನ್ನಂಗಿಲ್ಲ, ಅಣ್ಣಾ."

ಬಸವರಾಜ ಟೀವಿಯನ್ನೇ ನೋಡುತ್ತಿದ್ದ.

"ಮತ್ತ ಏನಂತಾನಪಾ?" ಎಂದೆ.

"ಮಾಳಿಗಿ ಏರಾಕ ಬಿಡ್ರಿ ಅಂತಾನ. ಬಂದು ಇಷ್ಟ ದಿನಾ ಆತು, ಒಬ್ಬರರೆ ನನಗ ಬೈದೀರೇನು ಅಂತಾನ." ಟೀವಿಯಲ್ಲಿ ಆತ ಮತ್ತೇನೋ ಹೇಳಿದ. ಬಸವರಾಜ ಅವನ ತುಟಿ ನಿಲ್ಲುವ ತನಕ ಕಾದ. "ನೀವೆಲ್ಲಾ ಹಿಂಗ ಪಿಸಪಿಸ ಅಂದ್ರ ನನಗ ನಿದ್ದಿ ಹತ್ತಂಗಿಲ್ಲ ಅಂತಾನ. ಅಲ್ಲೆ ಗುಡ್ಡದ ಮ್ಯಾಲ ಸಪ್ಪಳ ಇದ್ದಾಗ ಅಂಜಿಕಿ ಇರಲಿಲ್ಲ. ಸಪ್ಪಳ ನಿಂತಾಗ ಅಂಜತಿದ್ವಿ. ಯಾವಾಗ ಏನ ಬರ್ತದೋ ಅಂತ. ಮನೀಗೆ ಬಂದ್ರ ಇಲ್ಲೂ ಸಪ್ಪಳಿಲ್ಲ ಅಂತಾನ."

ನಾನು ತರಗತಿಯಲ್ಲಿ ಯುದ್ಧದ ಕಾರಣಗಳನ್ನೂ ಪರಿಣಾಮಗಳನ್ನೂ ವರ್ಷವರ್ಷವೂ ಹೇಳಿಕೊಡುವವನು. ರಾಜ್ಯ ಹೋಯಿತು, ಗಡಿ ಸರಿಯಿತು, ಬೊಕ್ಕಸ ಬರಿದಾಯಿತು, ಎಲ್ಲ ಬರೆಸಿದ್ದೇನೆ. ಮೆತ್ತಗಾದ ರೊಟ್ಟಿಯನ್ನೂ ಗಾದಿಯ ಕುರ್ಚಿಯನ್ನೂ ಯಾವ ವಿದ್ಯಾರ್ಥಿಗೂ ಬರೆಸಿರಲಿಲ್ಲ. ಪಟಾಕಿ ಹಾರಿದಾಗ ಅವನು ಎದ್ದು ನಿಂತದ್ದು ಅಂಜಿಕೆಯಿಂದಲೋ, ಓಣಿಯ ಮದುವೆ ನೋಡುವ ಆಸೆಯಿಂದಲೋ, ಕೇಳಿದವರು ಯಾರು? ನನಗೆ ಬಹಳ ಕೆಟ್ಟದೆನಿಸಿತು, ಕಣ್ಣೀರೂ ಬಂತು, ಅದನ್ನು ಕನ್ನಡಕ ಒರೆಸುವ ನೆವದಲ್ಲಿ ಸಾಗಹಾಕಿದೆ.

ಅಷ್ಟರಲ್ಲಿ ಟೀವಿಯಲ್ಲಿ ಮುದುಕಿ ಬಾಯಿ ತೆರೆದಳು. ಈಗ ಯಾರೂ ನನ್ನ ಕಡೆಗೆ ನೋಡಲಿಲ್ಲ. ನನ್ನ ಹುದ್ದೆ ಹೋಗಿತ್ತು. ಚಾಪೆಯ ಮೇಲಿಂದ ಅವ್ವನ ದನಿ ಎದ್ದಿತು, ತಿಂಗಳುಗಟ್ಟಲೆ ಅರಿವೆಯಲ್ಲಿ ಸುತ್ತಿಟ್ಟಿದ್ದ ಅವಳ ಅಸಲಿ ದನಿ: "ಏನೋ ಭಾಡ್ಯಾ, ಬೈಲಿಲ್ಲಂತ ಅಳ್ತೀಯೇನು? ಮಾಳಿಗಿ ಸೋರಾಕತ್ತೈತಿ, ಕುರ್ಚಿ ಮ್ಯಾಲ ಕುಂತೀ ಮದಿಮಗನಂಗ! ಏಳ ಮ್ಯಾಲಕ! ಹೇಳಾಕ ಬಾಯಿಲ್ಲೇನು ನಿನಗ? ನಿಮ್ಮಪ್ಪನಂಗ ಎಲ್ಲಾ ಹೊಟ್ಟ್ಯಾಗ ಇಟ್ಗೊಂಡ ಕುಂದರ್ತೀ!"

ಆರ್ಮೇನಿಯಾದ ಮುದುಕಿ ಇಷ್ಟೆಲ್ಲ ಹೇಳಿರಲಾರಳು. ಅವಳ ಬಾಯಿ ಮುಚ್ಚಿ ಬಹಳ ಹೊತ್ತಾದರೂ ಅವ್ವ ಬೈಯುತ್ತಲೇ ಇದ್ದಳು. ಅದಕ್ಕೆ ಮಾಬುಸಾಬರು ಆಕ್ಷೇಪವೆತ್ತಲಿಲ್ಲ. ಆಮೇಲೆ ಟೀವಿಯಲ್ಲಿ ಆ ಹೆಂಡತಿ ಗಂಡನ ಎದುರಿಗೆ ಬಂದು ನಿಂತಳು. ಮಳೆಯಲ್ಲಿ ಇಬ್ಬರೂ ತೊಯ್ದಿದ್ದರು. ಅವಳು ಎರಡೇ ಮಾತು ಆಡಿದಳು. ಆಮೇಲೆ ಗಿರಿಜಾ, ಗಂಡನನ್ನು ಯಾವತ್ತೂ ಬಹುವಚನದಲ್ಲೇ ಕರೆಯುವ ಗಿರಿಜಾ, ಟೀವಿಯಿಂದ ಕಣ್ಣು ಕೀಳದೆ ಹೇಳಿದಳು: "ಮತ್ತ ಹೊಕ್ಕೀಯೇನು ಅಂತ ಕೇಳಾಕತ್ತಾಳ. ನಾ ಮತ್ತ ಟ್ರಂಕ ತುಂಬಂಗಿಲ್ಲ ಅನ್ನಾಕತ್ತಾಳ."

ಟೀವಿಯ ಗಂಡ ಹೆಂಡತಿಯ ಕೈಯೊಳಗಿನ ಮೊಳೆಗಳನ್ನು ಇಸಿದುಕೊಂಡು ಬಾಯಲ್ಲಿ ಕಚ್ಚಿ, ನಿಚ್ಚಣಿಕೆ ಹತ್ತಿದ. ಈ ಸಲ ಕಾಲು ಹಿಡಿಯಲು ಯಾರೂ ಓಡಲಿಲ್ಲ. ಊರಿನವರೆಲ್ಲ ಬಂದು ಅಂಗಳದ ತುಂಬ ಕುರ್ಚಿ ಹಾಕಿಕೊಂಡು, ಮಳೆಯಲ್ಲಿ ತೋಯಿಸಿಕೊಳ್ಳುತ್ತ, ಅವನು ಮೊಳೆ ಹೊಡೆಯುವುದನ್ನು ಮೇಲೆ ಮುಖ ಮಾಡಿ ನೋಡುತ್ತ ಕೂತರು. ಟಕ್, ಟಕ್, ಟಕ್. ಸಿನಿಮಾ ಮುಗಿಯಿತು. ಕಿಟಕಿಯ ಚಾದರ ಬಿಚ್ಚಿದಾಗ ಗಾದಿಯ ಕುರ್ಚಿ ಖಾಲಿಯಿತ್ತು, ಹಿತ್ತಲಿನಿಂದ ಬಸವರಾಜನ ದನಿ ಕೇಳಿಸುತ್ತಿತ್ತು: "ಅಣ್ಣಾ, ಈ ಮೋಟರಿನ ನಟ್ಟ ಎಲ್ಲೆ ಒಗದೀ?"

ಎಲ್ಲವೂ ಅಂದೇ ಸರಿಹೋಯಿತೆಂದು ಹೇಳಿದರೆ ನೀವೂ ನಂಬಲಾರಿರಿ. ಅವನು ಪುಣೆಯ ಮಾತನ್ನು ಎತ್ತಲಿಲ್ಲ, ನಾವೂ ಕೇಳಲಿಲ್ಲ. ಮರುದಿನ ಮಧ್ಯಾಹ್ನ ಅವನು ತೋಟದಿಂದ ಬಂದು, ಕೈಕಾಲು ತೊಳೆದುಕೊಂಡು, ಕುರ್ಚಿಯನ್ನು ಬದಿಗೆ ಸರಿಸಿ ಚಾಪೆಯ ಮೇಲೆ ನನ್ನ ಪಕ್ಕಕ್ಕೆ ಕೂತ. ಗಿರಿಜಾ ರೂಢಿಯಂತೆ ಒಲೆ ಹಚ್ಚಿ, ಹಂಚು ಇಟ್ಟು, ಹಿಟ್ಟಿಗೆ ಕೈ ಹಾಕಿದಳು. ಹಿಟ್ಟು ಹಿಡಿದ ಕೈ ಅಲ್ಲೇ ನಿಂತಿತು. ಒಂದು ಗಳಿಗೆ ಗಂಡನನ್ನು ನೋಡಿದಳು. ಒಲೆ ಆರಿಸಿ, ಮೂಲೆಯ ಬುಟ್ಟಿಯ ಅರಿವೆ ಸರಿಸಿ, ಥಪ್ಪಿಯೊಳಗಿಂದ ಒಂದು ರೊಟ್ಟಿ ತೆಗೆದು, ನೀರು ಚಿಮುಕಿಸದೆ, ಹಾಗೇ ಅವನ ತಾಟಿಗೆ ಹಾಕಿದಳು. ಹಾಕಿದ ರಭಸ ನೋಡಿದರೆ ಅದು ಬಡಿಸಿದ್ದಲ್ಲ, ಪ್ರಶ್ನೆ ಕೇಳಿದ್ದು.

ಅವ್ವ ಕೈಯೊಳಗಿನ ತುತ್ತು ಹಿಡಿದುಕೊಂಡೇ ಕೂತಳು. ಬಸವರಾಜ ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ, ಚಿಕ್ಕವನಿದ್ದಾಗ ನನ್ನನ್ನು ಅಂಜಿಸಲು ಕಿವಿಯ ಹತ್ತಿರ ತಂದು ಮುರಿಯುತ್ತಿದ್ದನಲ್ಲ, ಹಾಗೆಯೇ ನನ್ನ ಕಿವಿಯ ಹತ್ತಿರ ತಂದು ಮುರಿದ. ಕಟಕ್! ನಾನು ಬೆಚ್ಚಿ ಬಿದ್ದೆ. ಅವನು ನಕ್ಕ. ಒಂದು ತುತ್ತು ಜಗಿದು, ಗಿರಿಜಾಳ ಕಡೆಗೆ ತಿರುಗಿ, "ಹಲ್ಲ ಮುರೀತಾವ, ಮುಂದಿನ ವಾರ ಸ್ವಲ್ಪ ತೆಳ್ಳಗ ಬಡೀ" ಎಂದ.

ಮನೆಗೆ ಬಂದಾಗಿನಿಂದ ಅವನು ಮಾಡಿದ ಮೊಟ್ಟಮೊದಲ ತಕರಾರು ಅದು. ಅಮಾವಾಸ್ಯೆ ಇದ್ದದ್ದು ಆ ವಾರವೇ; ಅವನು ಕೇಳಿದ್ದು ಮುಂದಿನ ವಾರದ ರೊಟ್ಟಿಯನ್ನು. ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡು, ಓಣಿಗೆಲ್ಲ ಕೇಳುವಂತೆ, "ಬೇಕಾದ್ರ ತಿನ್ರಿ, ಬ್ಯಾಡಾದ್ರ ಬಿಡ್ರಿ!" ಎಂದಳು.

ಈಚೆಗೆ ದೀಪಾ ಅಕ್ಷರಗಳೆಲ್ಲ ಸರಿಯಾಗಿರುವ ಪ್ರತಿಯೊಂದನ್ನು ಎಲ್ಲಿಂದಲೋ ತಂದಿದ್ದಾಳೆ. ಆ ಮನುಷ್ಯ ಅಂಗಳದಲ್ಲಿ ನಿಂತು ನಿಜವಾಗಿ ಏನು ಹೇಳಿದನೆಂದು ತಿಳಿಯುವ ಕುತೂಹಲ ಇತಿಹಾಸದ ಮಾಸ್ತರನಾದ ನನಗೆ ಇರಬೇಕಾದದ್ದೇ. "ಯಾಕ್ ಬೇಕು? ನಾವು ನೋಡಿದ್ದ ಛಲೋ ಐತಿ" ಎಂದು ಅವ್ವ ತೀರ್ಪು ಕೊಟ್ಟಿದ್ದಾಳೆ. ಗಾದಿಯ ಕುರ್ಚಿ ಈಗ ಮಾಬುಸಾಬರ ಅಂಗಡಿಯಲ್ಲಿದೆ, ಅದರ ಮೇಲೆ ಖಾರಾದ ಡಬ್ಬಿಗಳು ಕೂತಿವೆ. ಇನ್ನು ರೊಟ್ಟಿಯ ವಿಚಾರ. ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯಲಾಗದು ಎಂಬ ನನ್ನ ಸಂಶೋಧನೆಯಲ್ಲಿ ಬದಲಾವಣೆಯೇನಿಲ್ಲ, ಆದರೆ ನಾನೀಗ ಪ್ರಯತ್ನವನ್ನೇ ಬಿಟ್ಟಿದ್ದೇನೆ. ಮಧ್ಯಾಹ್ನ ನಮ್ಮ ಓಣಿಯಲ್ಲಿ ಹಾಯ್ದು ಹೋದರೆ ನಿಮಗೂ ಕೇಳಿಸೀತು: ಕಟಕ್, ಕಟಕ್, ಕಟಕ್, ಅದರ ನಡುವೆ ಅವ್ವ ಬೈಯುವ ಸದ್ದು. ಬೈಸಿಕೊಳ್ಳುತ್ತಿರುವವನು ನನ್ನ ತಮ್ಮ.